ತೊಗರಿ ಹೊಲದಲ್ಲಿ ನೀರು ನಿಂತಾಗ: ಬೇರಿನ ಉಸಿರು, ಗಿಡದ ಹಾರ್ಮೋನು ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಬಿಡದೆ ಸುರಿದ ವರ್ಷ ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ರೈತರು ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಒಂದೇ ಆಗಿರುತ್ತವೆ. ತೊಗರಿ ಹಳದಿಯಾಯಿತು, ಉದ್ದು ಕಾಯಲ್ಲೇ ಮೊಳೆಯಿತು, ಟಾನಿಕ್ ಹೊಡೆದರೂ ಗಿಡ ಏಳಲಿಲ್ಲ. ಕೃಷಿ ಓದುವ ವಿದ್ಯಾರ್ಥಿಗಳು ಇದನ್ನೇ ಇನ್ನೊಂದು ತುದಿಯಿಂದ ಕೇಳುತ್ತಾರೆ: ಎಥಿಲೀನ್, ಅಬ್ಸಿಸಿಕ್ ಆಮ್ಲ ಎಂಬ ಗಿಡದ ಹಾರ್ಮೋನುಗಳ ಬಗ್ಗೆ ಪಾಠದಲ್ಲಿ ಓದಿದ್ದು ಹೊಲದಲ್ಲಿ ಎಲ್ಲಿ ಕಾಣುತ್ತದೆ? ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಭತ್ತ ನೀರಿನಲ್ಲೇ ನಿಲ್ಲುತ್ತದೆ. ತೊಗರಿಗೆ ಮಾತ್ರ ನೀರು ಏಕೆ ಆಗುವುದಿಲ್ಲ?

ತೊಗರಿಗೆ ಆಗದಿರುವುದು ಗಾಳಿಯ ಕೊರತೆ. ಬೇರು ಜೀವಂತ ಅಂಗ, ಅದಕ್ಕೂ ಉಸಿರಾಟ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ ಅದು ಆಮ್ಲಜನಕ ಪಡೆಯುತ್ತದೆ. ಆ ಸಂದುಗಳನ್ನು ನೀರು ತುಂಬಿಕೊಂಡರೆ ಆಮ್ಲಜನಕ ಬರುವ ದಾರಿ ಮುಚ್ಚಿಹೋಗುತ್ತದೆ, ಏಕೆಂದರೆ ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮಣ್ಣಿನಲ್ಲಿ ಉಳಿದಷ್ಟನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಬೇಗನೆ ಮುಗಿಸುತ್ತವೆ. ಮುಂಗಾರಿನ ಬೆಚ್ಚಗಿನ ಮಣ್ಣಿನಲ್ಲಿ ಇದಕ್ಕೆ ಒಂದೆರಡು ದಿನ ಸಾಕು.

ಆಮ್ಲಜನಕವಿದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ ಜೀವಕೋಶ ಸುಮಾರು 30 ಎಟಿಪಿ (ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಅಣು) ಗಳಿಸುತ್ತದೆ. ಇಲ್ಲದಿದ್ದರೆ ಸಿಗುವುದು ಎರಡೇ. ಆಗ ಬೇರು ತನ್ನ ಸಕ್ಕರೆಯನ್ನೆಲ್ಲ ಹುದುಗಿಸಿ ಅರೆಜೀವದಲ್ಲಿ ಉಳಿಯುತ್ತದೆ. ಮೊದಲು ಲ್ಯಾಕ್ಟಿಕ್ ಆಮ್ಲ, ಬಳಿಕ ಎಥನಾಲ್ ಉಂಟಾಗುತ್ತದೆ. ದಾಸ್ತಾನು ಮುಗಿದ ದಿನ ಬೇರಿನ ತುದಿ ಸಾಯುತ್ತದೆ. ಭತ್ತದ ಬೇರಿನಲ್ಲಾದರೋ ಎಲೆಯಿಂದ ತುದಿಯವರೆಗೆ ಗಾಳಿ ಇಳಿಸುವ ಟೊಳ್ಳು ಅಂಗಾಂಶ ಹುಟ್ಟಿನಿಂದಲೇ ಇರುತ್ತದೆ. ತೊಗರಿಯ ಹೆಚ್ಚಿನ ತಳಿಗಳಿಗೆ ಆ ಅನುಕೂಲವಿಲ್ಲ.

ಕೆಂಪು ಮಣ್ಣಿನಲ್ಲಿ ಅದೇ ಮಳೆಗೆ ಏನೂ ಆಗುವುದಿಲ್ಲ. ಎರೆಹೊಲದಲ್ಲೇ ಏಕೆ ಈ ಕಾಟ?

ಎರೆಮಣ್ಣಿನ ಜೇಡಿ ನೀರು ಕುಡಿದಂತೆ ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿಟ್ಟಿದ್ದ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಪೂರ್ತಿ ನೆನೆದ ಮೇಲೆ ನೀರು ಒಳಗಿಳಿಯುವ ವೇಗ ಗಂಟೆಗೆ ಒಂದು ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಮೇಲೆ ನೀರು ಕಾಣದಿದ್ದರೂ ನಾಲ್ಕು ಬೆರಳು ಕೆಳಗೆ ಮಣ್ಣು ಉಸಿರುಗಟ್ಟಿರಬಹುದು. ಅನುಮಾನವಿದ್ದರೆ ಒಂದು ಗೇಣು ಅಗೆದು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ಅಲ್ಲಿ ಆಮ್ಲಜನಕ ಮುಗಿದು ಬಹಳ ಹೊತ್ತಾಗಿದೆ ಎಂದರ್ಥ.

ಹಿಂಗಾರಿ ಜೋಳ, ಕಡಲೆಗಳನ್ನು ಮಳೆಯಿಲ್ಲದೆಯೂ ಬೆಳೆಸುವುದು ಇದೇ ಮಣ್ಣಿನ ತೇವ. ನೀರು ಹಿಡಿದಿಡುವ ಈ ಗುಣ ಮಳೆಗಾಲದ ದ್ವಿದಳ ಬೆಳೆಗೆ ಮುಳುವಾಗುತ್ತದೆ.

ಬುಡದಲ್ಲಿ ಅಷ್ಟು ನೀರಿದ್ದರೂ ಎಲೆ ಬಾಡುವುದೇಕೆ?

ನೋಡಿದವರಿಗೆ ಅತ್ಯಂತ ವಿಚಿತ್ರವೆನಿಸುವ ಲಕ್ಷಣ ಇದು. ಬೇರಿನ ಕೋಶಗಳ ಪೊರೆಯಲ್ಲಿ ನೀರು ಹಾಯಲೆಂದೇ ಸೂಕ್ಷ್ಮ ದ್ವಾರಗಳಿವೆ. ಆಮ್ಲಜನಕ ಕಡಿಮೆಯಾದಾಗ ಕೋಶದೊಳಗೆ ಹುಳಿ ಹೆಚ್ಚುತ್ತದೆ, ಆ ದ್ವಾರಗಳು ಮುಚ್ಚಿಕೊಳ್ಳುತ್ತವೆ. ನೀರು ಸುತ್ತಲೂ ಇದ್ದರೂ ಬೇರು ಅದನ್ನು ಮೇಲಕ್ಕೆ ಕಳುಹಿಸಲಾರದು.

ಅದೇ ಹೊತ್ತಿಗೆ ಎಲೆಗಳಲ್ಲಿ ಅಬ್ಸಿಸಿಕ್ ಆಮ್ಲ ಹೆಚ್ಚುತ್ತದೆ. ಬರಗಾಲದಲ್ಲಿ ಗಿಡ ಬಳಸುವ ಹಾರ್ಮೋನು ಇದೇ. ಎಲೆಯ ಪತ್ರರಂಧ್ರಗಳನ್ನು ಮುಚ್ಚಿಸುವುದು ಅದರ ಕೆಲಸ. ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವುದಿಲ್ಲ, ಆಹಾರ ತಯಾರಿಕೆ ನಿಲ್ಲುತ್ತದೆ. ಬೇರಿಗೆ ಸಕ್ಕರೆ ತುರ್ತಾಗಿ ಬೇಕಿರುವ ಗಳಿಗೆಯಲ್ಲೇ ಮೇಲಿನಿಂದ ಪೂರೈಕೆ ತಗ್ಗುತ್ತದೆ. ಮೂರು ದಿನ ಮೋಡ ಮುಸುಕಿ ಬಿಸಿಲೂ ಇಲ್ಲದಿದ್ದರೆ ಹಾನಿ ಇಮ್ಮಡಿಯಾಗುವುದು ಇದರಿಂದ.

ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತವೆ. ಇದರಲ್ಲಿ ಹಾರ್ಮೋನಿನ ಪಾತ್ರವೇನು?

ಇಲ್ಲಿ ಮುಖ್ಯ ಪಾತ್ರಧಾರಿ ಎಥಿಲೀನ್, ಬಾಳೆಗೊನೆಯನ್ನು ಹಣ್ಣಾಗಿಸುವ ಅದೇ ಅನಿಲ. ದ್ವಿದಳ ಧಾನ್ಯಕ್ಕೂ ಇದಕ್ಕೂ ಹಳೆಯ ನಂಟಿದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಿಮಿತ್ರಿ ನೆಲ್ಯುಬೊವ್ ಎಂಬ ಸಸ್ಯವಿಜ್ಞಾನಿ ಕತ್ತಲೆಯಲ್ಲಿ ಬೆಳೆಸಿದ ಬಟಾಣಿ ಸಸಿಗಳು ನೆಟ್ಟಗೆ ಬೆಳೆಯದೆ ಗಿಡ್ಡವಾಗಿ, ದಪ್ಪವಾಗಿ, ಅಡ್ಡಡ್ಡ ಬೆಳೆದವು. ಪ್ರಯೋಗಾಲಯದ ದೀಪಗಳಿಗೆ ಬಳಸುತ್ತಿದ್ದ ಕಲ್ಲಿದ್ದಲ ಅನಿಲದಲ್ಲಿದ್ದ ಎಥಿಲೀನ್ ಇದಕ್ಕೆ ಕಾರಣವೆಂದು ಅವರು 1901ರಲ್ಲಿ ತೋರಿಸಿದರು. ಗಿಡಗಳೇ ಈ ಅನಿಲವನ್ನು ತಯಾರಿಸುತ್ತವೆ ಎಂಬುದು 1934ರಲ್ಲಿ ಸೇಬಿನ ಮೇಲಿನ ಪ್ರಯೋಗದಿಂದ ಖಚಿತವಾಯಿತು.

ಸಾಮಾನ್ಯ ದಿನಗಳಲ್ಲಿ ಬೇರು ತಯಾರಿಸುವ ಅಲ್ಪ ಎಥಿಲೀನ್ ಮಣ್ಣಿನ ಸಂದುಗಳ ಮೂಲಕ ಹೊರಹೋಗುತ್ತದೆ. ನೀರು ನಿಂತಾಗ ಹೋಗಲು ದಾರಿಯಿಲ್ಲದೆ ಬೇರಿನಲ್ಲೇ ಶೇಖರವಾಗುತ್ತದೆ. ಮೇಲಾಗಿ ಬೇರು ಎಥಿಲೀನಿನ ಹಿಂದಿನ ರೂಪವಾದ ಎಸಿಸಿ ಎಂಬ ವಸ್ತುವನ್ನು ಹೆಚ್ಚು ಹೆಚ್ಚು ತಯಾರಿಸತೊಡಗುತ್ತದೆ. ಎಸಿಸಿ ಎಥಿಲೀನ್ ಆಗಬೇಕಾದರೆ ಆಮ್ಲಜನಕ ಬೇಕು, ಬೇರಿನಲ್ಲಿ ಅದಿಲ್ಲ. ಹಾಗಾಗಿ ಎಸಿಸಿ ನೀರಿನ ನಾಳಗಳಲ್ಲಿ ಮೇಲೇರಿ, ಗಾಳಿಯಿರುವ ಎಲೆ ತಲುಪಿ ಅಲ್ಲಿ ಎಥಿಲೀನ್ ಆಗುತ್ತದೆ. ನೆಲದಡಿಯ ಸಂಕಟದ ಸುದ್ದಿ ಎಲೆಗೆ ಮುಟ್ಟುವುದು ಹೀಗೆ. ಎಲೆಯ ತೊಟ್ಟು ಕೆಳಕ್ಕೆ ಬಾಗುತ್ತದೆ, ಹಸಿರು ಮಾಸುತ್ತದೆ, ತೊಟ್ಟಿನ ಬುಡದಲ್ಲಿ ಕಡಿದುಕೊಳ್ಳುವ ಪದರ ಮೂಡುತ್ತದೆ. ಹೂ ಮೊಗ್ಗುಗಳು ಉದುರುವುದೂ ಇದೇ ಕಾರಣಕ್ಕೆ.

ಎಥಿಲೀನನ್ನು ಖಳನಾಯಕನೆಂದು ತೀರ್ಮಾನಿಸಬೇಡಿ. ಸೋಯಾದಂತಹ ತಡೆಯಬಲ್ಲ ಬೆಳೆಗಳಲ್ಲಿ ಗಾಳಿ ಸಾಗಿಸುವ ಟೊಳ್ಳು ಅಂಗಾಂಶವೂ ಕಾಂಡದ ಬುಡದಲ್ಲಿ ಹೊಸ ಬೇರುಗಳೂ ಹುಟ್ಟಲು ಇದರ ನೆರವು ಬೇಕು. ಗಿಡ ಬದುಕುವುದೋ ಸಾಯುವುದೋ ಎಂಬುದು ಆ ಅನಿಲಕ್ಕೆ ಅದು ಹೇಗೆ ಸ್ಪಂದಿಸುತ್ತದೆ, ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದರ ಮೇಲೆ ನಿಂತಿದೆ.

ಉಳಿದ ಹಾರ್ಮೋನುಗಳು?

ಸೈಟೋಕೈನಿನ್ ಹೆಚ್ಚಾಗಿ ಬೇರಿನ ತುದಿಯಲ್ಲಿ ತಯಾರಾಗಿ ಮೇಲಕ್ಕೆ ಹೋಗುತ್ತದೆ. ಎಲೆಯನ್ನು ಹಸಿರಾಗಿ ಇಡುವುದು ಅದೇ. ಬೇರಿನ ತುದಿ ಕುಂದಿದರೆ ಈ ಪೂರೈಕೆ ತಗ್ಗಿ ಎಲೆಗೆ ಬೇಗ ಮುಪ್ಪು ಬರುತ್ತದೆ. ಜಿಬ್ಬೆರೆಲಿನ್ ಕೂಡ ಇಳಿಯುವುದರಿಂದ ಗಿಡದ ಎತ್ತರ ನಿಂತಲ್ಲೇ ನಿಲ್ಲುತ್ತದೆ.

ಆಕ್ಸಿನ್ ಕತೆ ಬೇರೆ. ಅದು ಚಿಗುರಿನಿಂದ ಕೆಳಕ್ಕೆ ಇಳಿಯುವ ಹಾರ್ಮೋನು. ಉಸಿರುಗಟ್ಟಿದ ಬೇರು ಅದನ್ನು ಬರಮಾಡಿಕೊಳ್ಳದಿದ್ದಾಗ ಕಾಂಡದ ಬುಡದಲ್ಲಿ ಶೇಖರವಾಗಿ, ಎಥಿಲೀನ್ ಜೊತೆ ಸೇರಿ ಅಲ್ಲಿಂದಲೇ ಹೊಸ ಬೇರು ಹೊರಡಿಸುತ್ತದೆ. ನೀರು ಇಳಿದ ವಾರದೊಳಗೆ ಬುಡದಲ್ಲಿ ಬಿಳಿ ಬೇರುಗಳು ಕಂಡರೆ ಆ ಗಿಡದ ಮೇಲೆ ಭರವಸೆಯಿಡಬಹುದು.

ಬೇರಿನ ಗಂಟುಗಳಿಗೆ ಏನಾಗುತ್ತದೆ?

ದ್ವಿದಳ ಬೆಳೆಗೆ ಜೋಳ, ಸಜ್ಜೆಗಿಂತ ಹೆಚ್ಚಿನ ಪೆಟ್ಟು ಬೀಳುವುದು ಇಲ್ಲಿಯೇ. ಗಂಟಿನೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಒಂದು ಸಾರಜನಕ ಅಣುವನ್ನು ಅಮೋನಿಯ ಮಾಡಲು ಕನಿಷ್ಠ 16 ಎಟಿಪಿ ಖರ್ಚು ಮಾಡುತ್ತದೆ. ಅಷ್ಟು ಶಕ್ತಿ ಹುಟ್ಟಿಸಲು ಜೋರಾಗಿ ಉಸಿರಾಡಬೇಕು. ಆದರೆ ಈ ಕೆಲಸ ಮಾಡುವ ನೈಟ್ರೋಜನೇಸ್ ಕಿಣ್ವಕ್ಕೆ ಆಮ್ಲಜನಕ ನೇರವಾಗಿ ತಗುಲಿದರೆ ಅದು ಕೆಡುತ್ತದೆ. ಈ ಇಕ್ಕಟ್ಟನ್ನು ಗಿಡ ಲೆಗ್‌ಹೀಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನಿನಿಂದ ಬಗೆಹರಿಸಿಕೊಂಡಿದೆ. ನಮ್ಮ ರಕ್ತದ ಹೀಮೋಗ್ಲೋಬಿನ್ನಿನ ಬಂಧುವಾದ ಅದು ಆಮ್ಲಜನಕವನ್ನು ಹಿಡಿದು, ಬೇಕಾದಷ್ಟನ್ನೇ ತಲುಪಿಸುತ್ತದೆ. ಇಷ್ಟು ನಾಜೂಕಾದ ಏರ್ಪಾಡು ನಿಂತ ನೀರಿಗೆ ಮೊದಲ ದಿನವೇ ಮುಗ್ಗರಿಸುತ್ತದೆ. ಬೇರು ಇನ್ನೂ ಬದುಕಿರುವಾಗಲೇ ಸಾರಜನಕ ಸ್ಥಿರೀಕರಣ ನಿಂತಿರುತ್ತದೆ.

ಜೊತೆಗೆ ಎಥಿಲೀನ್ ಹೊಸ ಗಂಟು ಕಟ್ಟುವುದನ್ನೂ ತಡೆಯುತ್ತದೆ. ಇದಕ್ಕೆ ಒಳ್ಳೆಯ ಪುರಾವೆ 1997ರಲ್ಲಿ ವರದಿಯಾದ ‘ಸಿಕಲ್’ ಎಂಬ ರೂಪಾಂತರಿ ಸಸ್ಯದಿಂದ ಬಂತು. ಕುದುರೆಮೆಂತ್ಯದ ಬಳಗಕ್ಕೆ ಸೇರಿದ ಒಂದು ದ್ವಿದಳ ಗಿಡ ಅದು. ಎಥಿಲೀನಿಗೆ ಸ್ಪಂದಿಸದ ಆ ಗಿಡದ ಬೇರಿನ ತುಂಬ ಮಿತಿಮೀರಿ ಗಂಟುಗಳಾದವು.

ಹೊಲದಲ್ಲಿ ಪರೀಕ್ಷೆ ಸುಲಭ. ಗಿಡವನ್ನು ಎಳೆಯದೆ ಮಣ್ಣಿನ ಸಮೇತ ಅಗೆದು ತೆಗೆಯಿರಿ. ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪಿದ್ದರೆ ಅದು ಕೆಲಸದಲ್ಲಿದೆ. ಹಸಿರು, ಕಂದು, ಬೂದು ಬಣ್ಣವಿದ್ದು ಹಿಚುಕಿದರೆ ಮೆತ್ತಗಿದ್ದರೆ ಸತ್ತಿದೆ.

ಎಲ್ಲ ದ್ವಿದಳ ಬೆಳೆಗಳೂ ಒಂದೇ ರೀತಿ ನರಳುತ್ತವೆಯೇ?

ಇಲ್ಲ. ತೊಗರಿ ಬಹಳ ಸೂಕ್ಷ್ಮ, ಹೆಸರು ಮತ್ತು ಉದ್ದು ಕೂಡ ಬೇಗ ಸೋಲುತ್ತವೆ. ಕಡಲೆ ಹಿಂಗಾರಿ ಬೆಳೆಯಾದ್ದರಿಂದ ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತದೆ, ಆದರೆ ಸಿಕ್ಕಿಬಿದ್ದರೆ ಅದೂ ತಡೆಯದು. ಬೀದರಿನ ಸೋಯಾ ಇವುಗಳಿಗಿಂತ ಗಟ್ಟಿ. ಕೆಲವು ದಿನಗಳಲ್ಲಿ ಕಾಂಡದ ಬುಡ, ಬೇರು, ಗಂಟುಗಳ ಸುತ್ತ ಬಿಳಿ ಸ್ಪಂಜಿನಂತಹ ಅಂಗಾಂಶ ಬೆಳೆಸಿಕೊಂಡು ಮೇಲಿನಿಂದ ಗಾಳಿ ಇಳಿಸಿಕೊಳ್ಳುತ್ತದೆ.

ಈ ಕುಟುಂಬದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಭತ್ತದ ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ಬಿತ್ತುವ ಡಯಂಚದ ಬಳಗ. ಅದರ ಆಫ್ರಿಕಾ ಮೂಲದ ಸೋದರ ಸೆಸ್ಬೇನಿಯಾ ರೋಸ್ಟ್ರಾಟಾ ಕಾಂಡದ ಮೇಲೆಯೇ ಗಂಟು ಕಟ್ಟುತ್ತದೆ. ಬುಡ ಮುಳುಗಿದರೂ ಗಂಟು ಗಾಳಿಯಲ್ಲಿರುತ್ತದೆ. ನೀರಿನಡಿಯ ಬೇರಿನಲ್ಲಿ ಎಥಿಲೀನ್ ಅದರ ಗಂಟುಗಳಿಗೆ ಅಡ್ಡಿಯಾಗುವ ಬದಲು ನೆರವಾಗುತ್ತದೆ. ಒಂದೇ ಅನಿಲಕ್ಕೆ ಒಂದೇ ಕುಟುಂಬದ ಎರಡು ಗಿಡಗಳು ಇಷ್ಟು ವಿರುದ್ಧವಾಗಿ ಸ್ಪಂದಿಸಬಲ್ಲವು.

ಎಷ್ಟು ದಿನ ನೀರು ನಿಂತರೆ ಬೆಳೆ ಕೈಬಿಟ್ಟಂತೆ?

ಒಂದೇ ಸಂಖ್ಯೆ ಹೇಳುವುದು ಸರಿಯಲ್ಲ. ಮಣ್ಣು, ಬಿಸಿ, ತಳಿ, ಬೆಳೆಯ ವಯಸ್ಸು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎಳೆಯ ತೊಗರಿ ಸಸಿಗೆ ನಾಲ್ಕಾರು ದಿನ ಸಾಕು. ಬಿತ್ತಿದ ಕೂಡಲೇ ನೀರು ನಿಂತರೆ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಬಲಿತ ಗಿಡ ಇನ್ನೂ ಕೆಲವು ದಿನ ತಡೆದೀತು, ಆದರೆ ಹೂವಿನ ಹೊತ್ತಿನಲ್ಲಿ ಎರಡು ದಿನ ನಿಂತ ನೀರೂ ಇಳುವರಿಯಲ್ಲಿ ಎದ್ದು ಕಾಣುವ ಪೆಟ್ಟು ಕೊಡಬಲ್ಲದು.

ಹಳದಿಯಾದದ್ದು ಸಾರಜನಕದ ಕೊರತೆಯೋ ಕಬ್ಬಿಣದ ಕೊರತೆಯೋ ಹೇಗೆ ತಿಳಿಯುವುದು?

ಹಳದಿ ಮೊದಲು ಎಲ್ಲಿ ಬಂತು ನೋಡಿ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾಗಿದ್ದರೆ ಸಾರಜನಕ. ತುದಿಯ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣ. ಸುಣ್ಣದಂಶವಿರುವ ಎರೆಹೊಲದ ಶೇಂಗಾದಲ್ಲಿ ಎರಡನೆಯದು ಹೆಚ್ಚು, ಏಕೆಂದರೆ ನೀರು ನಿಂತ ಮಣ್ಣಿನಲ್ಲಿ ಬೈಕಾರ್ಬೊನೇಟ್ ಏರಿ ಗಿಡಕ್ಕೆ ಕಬ್ಬಿಣ ದಕ್ಕದಂತೆ ಮಾಡುತ್ತದೆ. ಅದಕ್ಕೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗೆ ಸಿಂಪಡಿಸುತ್ತಾರೆ.

ಹಳದಿ ಕಂಡ ಕೂಡಲೇ ಯೂರಿಯಾ ಎರಚಬಹುದೇ?

ನೀರು ನಿಂತಿರುವಾಗ ದಯವಿಟ್ಟು ಬೇಡ. ಆಮ್ಲಜನಕವಿಲ್ಲದ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಗಿಡ ಹೀರುವ ಸಾರಜನಕದ ರೂಪವಾದ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ ಅದನ್ನು ಅನಿಲವಾಗಿ ಹಾರಿಸುತ್ತವೆ. ಉಸಿರುಗಟ್ಟಿದ ಬೇರು ಗೊಬ್ಬರ ಹೀರಿಕೊಳ್ಳುವ ಸ್ಥಿತಿಯಲ್ಲೂ ಇರುವುದಿಲ್ಲ. ಹಣ ನೀರಿನಲ್ಲಿ ಹೋಮವಾಗುತ್ತದೆ. ನೀರು ಬಸಿದ ಮೇಲೆ ಶೇಕಡ 2ರ ಯೂರಿಯಾ ಅಥವಾ ಡಿಎಪಿ ದ್ರಾವಣವನ್ನು, ಅಂದರೆ ಲೀಟರಿಗೆ 20 ಗ್ರಾಂ, ಸಂಜೆ ಎಲೆಗಳ ಮೇಲೆ ಸಿಂಪಡಿಸಿದರೆ ಬೇರು ಚೇತರಿಸಿಕೊಳ್ಳುವವರೆಗೆ ಗಿಡಕ್ಕೆ ಆಧಾರವಾಗುತ್ತದೆ.

ಹಾರ್ಮೋನು ಸಿಂಪಡಿಸಿದರೆ ಗಿಡ ಉಳಿಯುತ್ತದೆಯೇ?

ನನಗೆ ಅತ್ಯಂತ ಹೆಚ್ಚು ಬರುವ ಪ್ರಶ್ನೆ ಇದೇ, ನನ್ನ ಉತ್ತರವೂ ಖಚಿತ: ಬೇರಿಗೆ ಗಾಳಿ ಸಿಗುವವರೆಗೆ ಯಾವ ಬಾಟಲಿಯೂ ಗಿಡವನ್ನು ಉಳಿಸುವುದಿಲ್ಲ. ಮೊದಲು ಸಲಿಕೆ ಹಿಡಿದು ನೀರು ಹೊರಹಾಕಿ. ಹಾರ್ಮೋನು ಗಿಡದೊಳಗಿನ ಸಂದೇಶ ಮಾತ್ರ. ಸಂದೇಶ ಬದಲಿಸಿದರೆ ಆಮ್ಲಜನಕ ಹುಟ್ಟುವುದಿಲ್ಲ.

ನೀರು ಬಸಿದ ಮೇಲೆ, ಗಿಡದಲ್ಲಿ ಜೀವವಿದ್ದರೆ, ಸಿಂಪಡಣೆಗೆ ಬೆಲೆಯಿದೆ. ಹೂ ಉದುರುವುದನ್ನು ತಡೆಯಲು ಎನ್‌ಎಎ ಎಂಬ ಕೃತಕ ಆಕ್ಸಿನ್ ಬಳಸುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಶೇಕಡ 4.5ರ ದ್ರಾವಣವನ್ನು ಲೀಟರಿಗೆ ಅರ್ಧ ಮಿಲಿಲೀಟರ್ ಹಾಕಿದರೆ 20 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 20 ಪಾಲು) ಚಿಲ್ಲರೆ ಆಗುತ್ತದೆ. ಕೈಯಳತೆಗೆ ಹೋಗಬೇಡಿ, ಆಕ್ಸಿನ್ ಹೆಚ್ಚಾದರೆ ಗಿಡ ಮತ್ತಷ್ಟು ಎಥಿಲೀನ್ ತಯಾರಿಸಿ ಇರುವ ಹೂವನ್ನೂ ಉದುರಿಸುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ನಲ್ಲಿ ಸಾರಜನಕ, ರಂಜಕ, ಲಘು ಪೋಷಕಾಂಶಗಳ ಜೊತೆ 20 ಪಿಪಿಎಂ ಬೆಳವಣಿಗೆ ಪ್ರಚೋದಕವೂ ಇದೆ. ಲೀಟರಿಗೆ 10 ಗ್ರಾಂನಂತೆ ಹೂವಿನ ಹಂತದಲ್ಲಿ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ ಕೊಡುವುದು ವಾಡಿಕೆ. ಹೂವಿಗೆ ಮುನ್ನ ಜೌಗಿನಲ್ಲಿ ನರಳುವ ಸಸಿಗೆ ಅದನ್ನು ಸುರಿಯುವುದರಲ್ಲಿ ಅರ್ಥವಿಲ್ಲ.

ನೀರು ಇಳಿದು ಬಿಸಿಲು ಬಂದ ದಿನವೇ ಗಿಡ ಒಣಗಿತು. ಏಕೆ?

ಎರಡು ಕಾರಣಗಳಿವೆ. ಬೇರಿನ ಬಹುಪಾಲು ಸತ್ತಿರುವಾಗ ಎಲೆಗಳು ಬಿಸಿಲಿಗೆ ನೀರು ಕೇಳುತ್ತವೆ, ಕೊಡುವವರಿಲ್ಲ. ಇನ್ನೊಂದು, ಆಮ್ಲಜನಕ ಹಠಾತ್ತನೆ ಮರಳಿದಾಗ ಹೈಡ್ರೋಜನ್ ಪೆರಾಕ್ಸೈಡಿನಂತಹ ಸುಡುವ ರೂಪಗಳು ಉಂಟಾಗಿ ಬಳಲಿದ ಕೋಶಗಳನ್ನು ಕೆಡಿಸುತ್ತವೆ. ಬೇರಿನಲ್ಲಿ ಶೇಖರವಾಗಿದ್ದ ಎಸಿಸಿಗೂ ಗಾಳಿ ಸಿಕ್ಕಿ ಒಮ್ಮೆಲೇ ಎಥಿಲೀನ್ ಉಕ್ಕುತ್ತದೆ. ಮೇಲ್ಮಣ್ಣು ಹದಕ್ಕೆ ಬಂದ ಕೂಡಲೇ ಹಗುರಾಗಿ ಎಡೆಕುಂಟೆ ಹೊಡೆದು ಹೆಪ್ಪು ಒಡೆಯುವುದು ಉಪಯುಕ್ತ. ಕೆಸರಿನಲ್ಲಿ ಮಾತ್ರ ಎತ್ತು, ಟ್ರ್ಯಾಕ್ಟರ್ ಇಳಿಸಬೇಡಿ, ಉಳಿದ ಸಂದುಗಳೂ ಮುಚ್ಚಿಹೋಗುತ್ತವೆ.

ಇದು ನೆಟೆ ರೋಗವಲ್ಲವೇ?

ಹಾಗೆಯೇ ಕಾಣುವುದರಿಂದ ಗೊಂದಲ ಸಹಜ. ಬಾಡಿದ ಗಿಡದ ಕಾಂಡವನ್ನು ಉದ್ದುದ್ದ ಸೀಳಿ ನೋಡಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳಿದ್ದರೆ ಫ್ಯುಸೇರಿಯಂ ಶಿಲೀಂಧ್ರದ ನೆಟೆ ರೋಗ. ಕಾಂಡದ ಹೊರಗೆ ತಗ್ಗಾದ ಕಂದು ಕಲೆಗಳಾಗಿ ಅಲ್ಲಿಯೇ ಗಿಡ ಮುರಿಯುತ್ತಿದ್ದರೆ ಫೈಟಾಫ್ತೊರಾ ಮಚ್ಚೆ ರೋಗ. ಇದರ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಹರಡುವುದರಿಂದ ನೀರು ನಿಂತ ಹೊಲ ಅದಕ್ಕೆ ತವರು. ಕಾಂಡದೊಳಗೆ ಸ್ವಚ್ಛವಾಗಿದ್ದು, ಬೇರು ಕಪ್ಪಾಗಿ ಸಿಪ್ಪೆ ಜಾರುತ್ತಿದ್ದು, ಸತ್ತ ಗಿಡಗಳೆಲ್ಲ ಹೊಲದ ತಗ್ಗಿನಲ್ಲೇ ಇದ್ದರೆ ಉಸಿರುಗಟ್ಟಿದ್ದೇ ಕಾರಣ. ನೆಟೆ ನಿರೋಧಕ ತಳಿ ಬಿತ್ತಿದ್ದೇನೆ, ನೀರಿಗೂ ತಡೆಯುತ್ತದೆ ಎಂದು ನಂಬಬೇಡಿ. ಆ ಎರಡು ಗುಣಗಳು ಬೇರೆ ಬೇರೆ.

ಹೆಸರು, ಉದ್ದು ಕಾಯಲ್ಲೇ ಮೊಳೆತವು. ಇದೂ ಹಾರ್ಮೋನಿನ ಆಟವೇ?

ಹೌದು. ಬೀಜವನ್ನು ನಿದ್ರೆಯಲ್ಲಿಡುವುದು ಅಬ್ಸಿಸಿಕ್ ಆಮ್ಲ, ಎಬ್ಬಿಸುವುದು ಜಿಬ್ಬೆರೆಲಿನ್. ಕಾಯಿ ಬಲಿತಂತೆ ಮೊದಲನೆಯದು ಇಳಿಯುತ್ತದೆ. ಆ ಹೊತ್ತಿಗೆ ಮಳೆ ಹಿಡಿದು ಕಾಯಿ ನೆನೆದರೆ ಬೀಜ ಮೊಳೆಯಲು ಹೊರಡುತ್ತದೆ. ನೆಲದಡಿಯ ಶೇಂಗಾದಲ್ಲೂ ಹೀಗೆಯೇ. ಗೊಂಚಲು ತಳಿಗಳ ಬೀಜಕ್ಕೆ ನಿದ್ರಾವಸ್ಥೆ ತೀರಾ ಕಡಿಮೆ. ಎಥಿಲೀನ್ ಇದ್ದಷ್ಟನ್ನೂ ಮುರಿಯುತ್ತದೆ. ಮಳೆ ಬಿಡುವು ಕೊಟ್ಟ ದಿನವೇ ಬಲಿತ ಕಾಯಿಗಳನ್ನು ಬಿಡಿಸಿ ಸೂರಿನಡಿ ಹರಡುವುದೊಂದೇ ದಾರಿ. ರಾಶಿಗೆಂದು ಕಾಯಬೇಡಿ.

ಮುಂದಿನ ಮುಂಗಾರಿಗೆ ಏನು ಮಾಡಿಟ್ಟುಕೊಳ್ಳಬೇಕು?

ಎರೆಭೂಮಿಗೆ ಒಳ್ಳೆಯ ಉಪಾಯ ಹೈದರಾಬಾದ್ ಸಮೀಪದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ರೂಪಿಸಿದ ಅಗಲ ಏರುಮಡಿ ಪದ್ಧತಿ. ಸುಮಾರು 105 ಸೆಂಟಿಮೀಟರ್ ಅಗಲದ ಎತ್ತರಿಸಿದ ಮಡಿ, ಪಕ್ಕದಲ್ಲಿ 45 ಸೆಂಟಿಮೀಟರ್ ಕಾಲುವೆ. ಬೇರು ಮಡಿಯ ಮೇಲೆ, ನೀರು ಕಾಲುವೆಯಲ್ಲಿ. ಇಳಿಜಾರಿಗೆ ಸಣ್ಣ ಓರೆಯಲ್ಲಿ ಕಾಲುವೆ ಎಳೆದರೆ ಹೆಚ್ಚಿನ ನೀರು ಮಣ್ಣು ಕೊಚ್ಚದೆ ಹೊರಹೋಗುತ್ತದೆ, ಅದನ್ನು ಕೃಷಿ ಹೊಂಡಕ್ಕೆ ತಿರುಗಿಸಿದರೆ ಹೂವಿನ ಹೊತ್ತಿಗೆ ಮಳೆ ಕೈಕೊಟ್ಟಾಗ ಅದೇ ನೀರು ಕೈಹಿಡಿಯುತ್ತದೆ. ಇದಕ್ಕೆ ಅನುಕೂಲವಿಲ್ಲದವರು ಕೆಲವು ಸಾಲಿಗೊಂದರಂತೆ ಬಸಿಗಾಲುವೆಯನ್ನಾದರೂ ತೆಗೆಯಲಿ, ಬದುವಿನ ತಗ್ಗು ತುದಿಯಲ್ಲಿ ನೀರು ಹೊರಡಲು ಬಾಯಿ ಬಿಡಲಿ. ಈ ಕೆಲಸ ಬಿತ್ತನೆಗೆ ಮೊದಲೇ ಆಗಬೇಕು.

ಬೀದರಿನಲ್ಲಿ ಹೆಸರಾದ ನಾಟಿ ಪದ್ಧತಿಯೂ ನೆರವಾಗುತ್ತದೆ. ಚೀಲದಲ್ಲಿ ನಾಲ್ಕೈದು ವಾರ ಬೆಳೆಸಿದ ತೊಗರಿ ಸಸಿ ಹೊಲಕ್ಕಿಳಿಯುವಾಗ ಅತಿ ಎಳೆಯ, ಅತಿ ಸೂಕ್ಷ್ಮ ಹಂತವನ್ನು ದಾಟಿರುತ್ತದೆ. ಬೀಜಕ್ಕೆ ರೋಗದ ಶಿಲೀಂಧ್ರಗಳನ್ನು ತಡೆಯುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸುವುದನ್ನು ಮರೆಯಬೇಡಿ.

ತಳಿಯ ಮಾತು: ತೊಗರಿಯೊಳಗೇ ನೀರು ತಡೆಯುವ ಶಕ್ತಿಯಲ್ಲಿ ವ್ಯತ್ಯಾಸವಿದೆ. ತಡೆಯುವ ಬಗೆಗಳಲ್ಲಿ ಕಾಂಡದ ಬುಡದ ತೊಗಟೆಯ ಮೇಲೆ ಗಾಳಿಯಾಡುವ ಉಬ್ಬು ರಂಧ್ರಗಳು, ಹೊಸ ಬೇರು, ಟೊಳ್ಳು ಅಂಗಾಂಶ ಬೇಗ ಮೂಡುತ್ತವೆ. 2019ರಲ್ಲಿ ಭೌಗೋಳಿಕ ಸೂಚಿ ಪಡೆದ ಗುಲಬರ್ಗಾ ತೊಗರಿ ಬೇಳೆಯ ಸೀಮೆಗೆ ಈ ಗುಣಗಳುಳ್ಳ ತಳಿಗಳು ತುರ್ತಾಗಿ ಬೇಕು. ನೆಟೆ ರೋಗಕ್ಕೆ ಕೊಟ್ಟಷ್ಟೇ ಗಮನವನ್ನು ತಳಿ ಅಭಿವೃದ್ಧಿಯಲ್ಲಿ ಇದಕ್ಕೂ ಕೊಡಬೇಕೆಂಬುದು ನನ್ನ ಬಲವಾದ ಒತ್ತಾಯ.

ನೀರು ನಿಂತು ಬೆಳೆ ಹೋಯಿತು. ವಿಮೆ ಸಿಗುತ್ತದೆಯೇ?

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಹೊಲ ಜಲಾವೃತವಾಗುವುದು ಸ್ಥಳೀಯ ವಿಕೋಪಗಳ ಪಟ್ಟಿಯಲ್ಲಿದೆ. ವಿಮೆ ಕಟ್ಟಿದ್ದು ಬೆಳೆಗೆ ಆ ರಕ್ಷಣೆ ಇದ್ದರೆ, ಹಾನಿಯಾದ 72 ಗಂಟೆಗಳ ಒಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ನೀರು ನಿಂತಿರುವಾಗಲೇ ಫೋಟೊ ತೆಗೆದಿಡಿ. ಗಿಡ ಒಣಗಲು ವಾರ ಹಿಡಿಯುತ್ತದೆ. ಒಣಗಿದ ಮೇಲೆ ಹೇಳೋಣ ಎಂದು ಕಾದರೆ ಗಡುವು ಮುಗಿದಿರುತ್ತದೆ.